ಎಸಿ ಉಂಟು, ಹಾಕುವ ಹಾಗಿಲ್ಲ

ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ಕಾಫಿ ತೋಟಗಳಲ್ಲಿ ಒಂದು ಬಗೆಯ ಗಂಡಸರಿದ್ದಾರೆ. ಕಾರು ಕೊಳ್ಳುವಾಗ ಶೋರೂಮಿನವನ ಎದುರು ಕೂತು, "ಎಸಿ ಇರೋದೇ ಬೇಕು" ಎಂದು ಹಟ ಹಿಡಿಯುತ್ತಾರೆ. ಕಾರು ಮನೆಗೆ ಬಂದ ಮೇಲೆ ಆ ಗುಂಡಿಯನ್ನು ತಾವೂ ಮುಟ್ಟುವುದಿಲ್ಲ, ಮುಟ್ಟಿದವರನ್ನೂ ಬಿಡುವುದಿಲ್ಲ. ಎಸಿ ಹಾಕಿದರೆ ಪೆಟ್ರೋಲು ಹೋಗುತ್ತದೆ, ಪಿಕಪ್ಪು ಹೋಗುತ್ತದೆ, ಗ್ಯಾಸು ಹೋಗುತ್ತದೆ. ಅದು ಇರುವುದು ಮುಂದೆ ಕಾರು ಮಾರುವ ದಿನ ಹೇಳಿಕೊಳ್ಳುವುದಕ್ಕೆ.

ನಮ್ಮ ಮಾವ ಈ ಪಂಥದ ಪೀಠಾಧಿಪತಿಗಳು. ಊರಿನ ಅರ್ಧ ಜನಕ್ಕೆ ಅವರು ಮಾವನೇ ಆದ್ದರಿಂದ ಯಾರ ಮಾವ ಎಂದು ಯಾರೂ ಹುಡುಕಬೇಕಾಗಿಲ್ಲ. ಕಾರಿನ ಸೀಟಿಗೆ ಕಂಪನಿಯವರು ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ಇವತ್ತಿಗೂ ಹಾಗೇ ಇದೆ. ಏಪ್ರಿಲ್ ಬಿಸಿಲಲ್ಲಿ ಅದರ ಮೇಲೆ ಕೂತು ಚಿಕ್ಕಮಗಳೂರಿಗೆ ಹೋಗಿ ಬಂದವರ ಬೆನ್ನು ನೋಡಿದರೆ ಸಾಕು, ಮಾವನ ಸಿದ್ಧಾಂತ ಗೊತ್ತಾಗುತ್ತದೆ.

ಈ ಸಿದ್ಧಾಂತಕ್ಕೂ ಒಂದು ಚರಿತ್ರೆಯಿದೆ, ಅದನ್ನು ಹೇಳದಿದ್ದರೆ ಅನ್ಯಾಯ. ಮಾವ ಡ್ರೈವಿಂಗ್ ಕಲಿತದ್ದು ತೋಟದ ಜೀಪಿನಲ್ಲಿ. ಅದಕ್ಕೆ ಬಾಗಿಲೇ ಇರಲಿಲ್ಲ. ಆಮೇಲೆ ಬಂದದ್ದು ಮಾರುತಿ 800. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಆ ಕಾರಿನ ಇಂಜಿನ್ನು 796 ಸಿಸಿ, ಇದ್ದದ್ದು ಮೂರೇ ಸಿಲಿಂಡರು. ಎಸಿಯ ಕಂಪ್ರೆಸರನ್ನು ತಿರುಗಿಸುವುದು ಇಂಜಿನ್ನೇ, ಬೆಲ್ಟಿನ ಮೂಲಕ. ಐದು ಜನ, ಒಂದು ಚೀಲ ಕಾಳುಮೆಣಸು ಹೇರಿಕೊಂಡು ಘಾಟಿ ಹತ್ತುವಾಗ ಎಸಿಯನ್ನೂ ಹೊರಿಸಿದರೆ ಆ ಬಡಪಾಯಿ ಏದುಸಿರು ಬಿಡುತ್ತಿತ್ತು. ಏರಿನಲ್ಲಿ ಎಸಿ ಆರಿಸುವುದು ಅಂದಿನ ಜಾಣತನ. ಈಗಿನ ಹಲವು ಕಾರುಗಳಲ್ಲಿ ಆಕ್ಸಿಲರೇಟರನ್ನು ಪೂರಾ ಒತ್ತಿದಾಗ ಕಂಪ್ಯೂಟರೇ ಕಂಪ್ರೆಸರಿಗೆ ಕೊಂಚ ಹೊತ್ತು ರಜೆ ಕೊಡುತ್ತದೆ. ಇದನ್ನು ಹೇಳಿದರೆ ಮಾವ, "ಕಂಪ್ಯೂಟರಿಗೆ ನಮ್ ಘಾಟಿ ಎಂತ ಗೊತ್ತು ಮಾರಾಯ?" ಎನ್ನುತ್ತಾರೆ.

ಶ್ರಾವಣದಲ್ಲಿ ಉಜಿರೆಯ ಮದುವೆಯೊಂದಕ್ಕೆ ಮಾವನ ಕಾರಿನಲ್ಲಿ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಒದ್ದೆ ಕೊಡೆಗಳನ್ನು ಕಾಲ ಬುಡದಲ್ಲಿ ತುರುಕಿ, ಗಾಜು ಏರಿಸಿ ಚಾರ್ಮಾಡಿ ಇಳಿಯತೊಡಗಿದೆವು. ಹೊರಗೆ ಜಡಿಮಳೆ. ಎರಡನೇ ತಿರುವಿಗೇ ಮುಂದಿನ ಗಾಜು ಒಳಗಿನಿಂದ ಮಂಜು ಕಟ್ಟಿತು. ರಸ್ತೆ ಇಲ್ಲ, ತಡೆಗೋಡೆ ಇಲ್ಲ, ಕಣಿವೆಯೂ ಇಲ್ಲ.

"ಮಾವ, ಎಸಿ ಹಾಕಿ."

"ನಿಂಗೆಂತ ತಲೆ ಕೆಟ್ಟಿದ್ಯ? ಈ ಚಳೀಲಿ ಎಸಿನಾ? ನಿಮ್ಮತ್ತೆ ಆಗ್ಲೇ ನಡುಗ್ತಾ ಕೂತಿದಾಳೆ."

ಅತ್ತೆ ನಡುಗುತ್ತಿದ್ದದ್ದು ಚಳಿಗಲ್ಲ, ಗಂಡನಿಗೆ ರಸ್ತೆ ಕಾಣುತ್ತಿಲ್ಲ ಎಂಬುದಕ್ಕೆ.

ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವನೆಂಬ ಜಂಬ ನನ್ನದು. ವಿವರಿಸಲು ಶುರುಮಾಡಿದೆ. ಐದು ಜನರ ಉಸಿರು, ಒದ್ದೆ ಬಟ್ಟೆ, ಕೊಡೆ, ಎಲ್ಲದರ ತೇವವೂ ಕಾರಿನೊಳಗಿನ ಗಾಳಿಯಲ್ಲಿದೆ. ಮಳೆ ಬಡಿದು ಗಾಜು ತಣ್ಣಗಾಗಿದೆ. ತಣ್ಣಗಿನ ಗಾಜು ಸಿಕ್ಕಿದ ಕೂಡಲೇ ತೇವ ಅಲ್ಲಿ ಹನಿಯಾಗಿ ಕೂರುತ್ತದೆ. ಎಸಿಯ ಕೆಲಸ ಗಾಳಿಯನ್ನು ತಂಪು ಮಾಡುವುದಷ್ಟೇ ಅಲ್ಲ, ಒಣಗಿಸುವುದೂ ಹೌದು. ಡ್ಯಾಶ್‌ಬೋರ್ಡಿನ ಹಿಂದೆ ಇವ್ಯಾಪರೇಟರ್ ಎಂಬ ಕಾಯಿಲ್ ಇದೆ. ಗಾಳಿ ಅದನ್ನು ಹಾದು ಬರುವಾಗ ತೇವದ ಬಹುಪಾಲು ಅಲ್ಲೇ ನೀರಾಗಿ ಇಳಿದು ಹೊರಗೆ ಹೋಗುತ್ತದೆ, ಗಾಜಿಗೆ ಒಣಗಾಳಿ ತಾಗುತ್ತದೆ. ಚಳಿಯಾದರೆ ಇನ್ನೊಂದು ಗುಂಡಿಯನ್ನು ಕೆಂಪಿನ ಕಡೆ ತಿರುಗಿಸಿದರಾಯಿತು, ಅದೇ ಒಣಗಾಳಿ ಬೆಚ್ಚಗಾಗಿ ಬರುತ್ತದೆ. ಒಳಗಿನ ಗಾಳಿಯೇ ಸುತ್ತುವಂತೆ ಇಟ್ಟುಕೊಳ್ಳದೆ ಹೊರಗಿನ ಗಾಳಿಗೆ ದಾರಿ ಕೊಡಬೇಕು, ಅಷ್ಟೇ.

ನಾನು ವಿವರಿಸಿದಷ್ಟೂ ಗಾಜು ಇನ್ನಷ್ಟು ಮಸುಕಾಯಿತು. ನನ್ನ ಮಾತಿನ ಉಸಿರೆಲ್ಲ ನೇರ ಅಲ್ಲಿಗೇ ಹೋಗಿ ಕೂರುತ್ತಿತ್ತು. ಮಾವ ಹಳದಿ ಬಟ್ಟೆಯೊಂದನ್ನು ನನ್ನ ತೊಡೆಯ ಮೇಲೆ ಎಸೆದು, "ಒರೆಸು. ನೀ ಬಾಯ್ ಮುಚ್ಚಿದ್ರೆ ಅರ್ಧ ಮಂಜು ಹೋಗ್ತದೆ" ಎಂದರು. ಭೌತಶಾಸ್ತ್ರದ ಪ್ರಕಾರ ಅದು ಸರಿಯಾಗಿಯೇ ಇತ್ತು.

ಒರೆಸಿದೆ. ಒರೆಸಿದ ಕಡೆ ಮತ್ತೆ ಕಟ್ಟಿತು. ಮಾವ ತಮ್ಮ ಬದಿಯ ಗಾಜನ್ನು ಒಂದಿಂಚು ಇಳಿಸಿದರು. ಮಂಜು ಹೋಗಲಿಲ್ಲ, ಮಳೆ ಬಂತು. ಅವರ ರೇಷ್ಮೆ ಪಂಚೆಯ ಅರ್ಧ ಅಂಚು ನೆನೆಯಿತು. ಹೇರ್‌ಪಿನ್ ತಿರುವೊಂದರಲ್ಲಿ ಆ ಬಿಳಿಯೊಳಗಿಂದ ದಿಢೀರನೆ ಕೆಂಪು ಬಸ್ಸಿನ ಮೂತಿ ಹೊರಬಂತು. ಮಾವ ಬ್ರೇಕು ತುಳಿದರು, ನಾನು ಕುಲದೇವರನ್ನು ಕರೆದೆ. ಹಿಂದಿನ ಸೀಟಿನ ನಡುವೆ ಕೂತಿದ್ದ ಅತ್ತೆ ಮಾತ್ರ ಏನೂ ಹೇಳದೆ ಮುಂದೆ ಬಗ್ಗಿ, ನಮ್ಮಿಬ್ಬರ ನಡುವಿನಿಂದ ಬಳೆಗೈ ಚಾಚಿ, ಎಸಿ ಗುಂಡಿ ಒತ್ತಿಬಿಟ್ಟರು. ಬಸ್ಸಿನವನು ಬೈದು ಮುಗಿಸುವಷ್ಟರಲ್ಲಿ ಗಾಜು ಕೆಳಗಿನಿಂದ ಮೇಲಕ್ಕೆ ತಿಳಿಯಾಗತೊಡಗಿತು.

ಘಾಟಿಯ ಬುಡದವರೆಗೆ ಮಾವನ ಬಾಯಿಂದ ಒಂದು ಮಾತಿಲ್ಲ. ಚಾರ್ಮಾಡಿ ಊರು ಬಂದಾಗ, "ಮಳೆ ಕಮ್ಮಿಯಾಯ್ತಲ್ಲ, ಅದ್ಕೇ ಗಾಜು ಸರಿಯಾಯ್ತು" ಎಂದು ಎಸಿ ಆರಿಸಿದರು. ಮಳೆ ಹಾಗೇ ಸುರಿಯುತ್ತಿತ್ತು.

ಉಳಿದ ಗುಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಯಾರಾದರೂ ಎಸಿ ಹಾಕಿದ ದಿನ ಕಾರಿನಡಿ ನೀರು ತೊಟ್ಟಿಕ್ಕಿದರೆ ಮಾವ ನೆಲಕ್ಕೆ ಬಗ್ಗಿ, ಬೆರಳಿಗೆ ಹಚ್ಚಿ ಮೂಸಿ, "ಏನೋ ಲೀಕು" ಎಂದು ಘೋಷಿಸುತ್ತಾರೆ. ಅದು ಎಸಿ ಹಿಂಡಿದ ತೇವ, ತೊಟ್ಟಿಕ್ಕಲೇಬೇಕು. ಇನ್ನು ಗ್ಯಾಸು. ಅಡಿಗೆಮನೆಯ ಸಿಲಿಂಡರಿನಂತೆ ಅದು ಉರಿದು ಖಾಲಿಯಾಗುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಆದರೆ ಅದು ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುವ ಸಾಮಾನು. ಕಂಪ್ರೆಸರಿನಲ್ಲಿ ಒತ್ತಿಸಿಕೊಂಡು, ರೇಡಿಯೇಟರಿನ ಮುಂದಿನ ಕಂಡೆನ್ಸರಿನಲ್ಲಿ ಬಿಸಿ ಕಳೆದು ದ್ರವವಾಗಿ, ಇವ್ಯಾಪರೇಟರಿನಲ್ಲಿ ಮತ್ತೆ ಅನಿಲವಾಗುತ್ತಾ ಅಲ್ಲಿಯ ಶಾಖವನ್ನು ಹೊತ್ತೊಯ್ಯುತ್ತದೆ. ವರ್ಷವರ್ಷವೂ ಕಡಿಮೆಯಾಗುತ್ತಿದ್ದರೆ ಎಲ್ಲೋ ತೂತಿದೆ ಎಂದೇ ಅರ್ಥ. ತೂತು ಹುಡುಕದೆ ಗ್ಯಾಸು ತುಂಬಿಸುವುದು ಗ್ಯಾರೇಜಿನವನಿಗೆ ಕೊಡುವ ವರ್ಷಾಶನ. ಅಂದಾಜಿನ ಮೇಲೆ ತುಂಬುವುದೂ ತಪ್ಪು. ಹೆಚ್ಚಾದರೂ ತಂಪು ಕಡಿಮೆಯಾಗುತ್ತದೆ. ಯಾವ ಗ್ಯಾಸು, ಎಷ್ಟು ಗ್ರಾಂ ಎಂಬುದು ಸಾಮಾನ್ಯವಾಗಿ ಬಾನೆಟ್ಟಿನಡಿಯ ಚೀಟಿಯಲ್ಲೇ ಇರುತ್ತದೆ.

ಇಲಿಯ ಕತೆ ಬೇರೆ. ಕಣದಲ್ಲಿ ಕಾಫಿ ಒಣಗುವ ಕಾಲಕ್ಕೆ ಮಾವನ ಕಾರಿನಲ್ಲಿ ನಾತ ಶುರುವಾಯಿತು. ಮಾವ ನುಸಿಗುಳಿಗೆ ಇಟ್ಟರು, ಕರ್ಪೂರ ಕಟ್ಟಿದರು, ಕೊನೆಗೆ ಸೆಂಟು ಹೊಡೆದರು. ನಾತ ಹೋಗದೆ ಸುವಾಸನೆಯ ಜೊತೆ ಸಂಸಾರ ಹೂಡಿತು. ಕೊನೆಗೆ ಗ್ಲೌ ಬಾಕ್ಸ್ ಬಿಚ್ಚಿ ಹಿಂದಿನ ಕ್ಯಾಬಿನ್ ಫಿಲ್ಟರ್ ಎಳೆದರೆ ಸಿಲ್ವರ್ ಓಕಿನ ಎಲೆ, ಚೆರಿ ಕಾಫಿ, ಅತ್ತೆಯ ಕಳೆದುಹೋದ ಕರವಸ್ತ್ರ ಸೇರಿಸಿ ಕಟ್ಟಿದ ಇಲಿಯ ಗೂಡು. ಫ್ಯಾನನ್ನೇ ಹಾಕದ ಕಾರು ಅದಕ್ಕೆ ನೆಮ್ಮದಿಯ ಬಾಣಂತಿಕೋಣೆಯಾಗಿತ್ತು.

ಇಷ್ಟು ಬೈದ ಮೇಲೆ ಒಂದು ಮಾತು ಹೇಳಲೇಬೇಕು. ಮಾವ ಜಿಪುಣರಲ್ಲ. ಅವರ ಮನೆಯ ಶೋಕೇಸಿನಲ್ಲಿ ಒಂದು ಸೆಟ್ಟು ಪಿಂಗಾಣಿ ಕಪ್ಪುಗಳಿವೆ, ಯಾರೂ ಅವುಗಳಲ್ಲಿ ಕಾಫಿ ಕುಡಿದಿಲ್ಲ. ಮಹಡಿಯ ಕೋಣೆಯಲ್ಲಿ ಹೊಸ ಹಾಸಿಗೆಯಿದೆ, ಯಾರೂ ಮಲಗಿಲ್ಲ. ಎಲ್ಲವೂ ಬೆಂಗಳೂರಿನಲ್ಲಿರುವ ಮಕ್ಕಳು ಬಂದಾಗ. ಎಸಿಯೂ ಅವರಿಗೇ. ಒಂದು ದೀಪಾವಳಿಗೆ ಅವರು ಬಂದರು. ಮೊಮ್ಮಗಳು ಮುಂದಿನ ಸೀಟಿಗೆ ಹತ್ತಿದಾಗ ಮಾವನೇ ಸ್ವತಃ, ಸ್ವಲ್ಪ ಗತ್ತಿನಿಂದ, ಗುಂಡಿ ಒತ್ತಿದರು. ಬಂದದ್ದು ಬಿಸಿಗಾಳಿ. ಕಂಪ್ರೆಸರಿಗೆ ಬೇಕಾದ ಎಣ್ಣೆ ಆ ಗ್ಯಾಸಿನ ಜೊತೆಯಲ್ಲೇ ಸುತ್ತುತ್ತದೆ. ತಿಂಗಳುಗಟ್ಟಲೆ ಸುತ್ತದಿದ್ದರೆ ರಬ್ಬರಿನ ಸೀಲುಗಳು ಒಣಗಿ ಗ್ಯಾಸು ಸೋರಿಹೋಗುತ್ತದೆ. ಮಾವ ಎತ್ತಿಟ್ಟದ್ದು ಎತ್ತಿಟ್ಟದ್ದರಿಂದಲೇ ಕೆಟ್ಟಿತ್ತು. ಮೊಮ್ಮಗಳು, "ಅಜ್ಜ, ಗಾಜು ಇಳಿಸೋಣ" ಎಂದಳು. ಅವಳಿಗೆ ಅದೇ ಖುಷಿ. ಮಾವನ ಮುಖ ಮಾತ್ರ ನೋಡುವಂತಿರಲಿಲ್ಲ.

ಆದ್ದರಿಂದ ಕಾಫಿ ಸೀಮೆಯ ಸಮಸ್ತ ಮಾವಂದಿರಲ್ಲಿ ವಿನಂತಿ: ಚಳಿಯಿರಲಿ, ಮಳೆಯಿರಲಿ, ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ. ಮನೆ ತಲುಪುವ ಮುಂಚೆ ಎಸಿ ಆರಿಸಿ ಫ್ಯಾನು ಮಾತ್ರ ಬಿಡಿ, ಕಾಯಿಲ್ ಒಣಗಿದರೆ ಮುಗ್ಗಲು ವಾಸನೆ ಬರುವುದಿಲ್ಲ. ಕೊಯ್ಲು ಮುಗಿದ ಮೇಲೆ ಫಿಲ್ಟರ್ ನೋಡಿ. ಪೆಟ್ರೋಲು ಸ್ವಲ್ಪ ಖರ್ಚಾಗುತ್ತದೆ, ನಿಜ. ಕಂಪ್ರೆಸರಿನ ಬೆಲೆಯನ್ನು ಒಮ್ಮೆ ವಿಚಾರಿಸಿ ನೋಡಿ, ಆಮೇಲೆ ಪೆಟ್ರೋಲಿನ ಮಾತು ಆಡಿ.