ಕಾಯಿ ಎಲ್ಲಿ?

ಬೆಂಗಳೂರಿನ ಕೆಲಸ ಬಿಟ್ಟು ರಾಂಪುರದ ಹೊಲಕ್ಕಿಳಿದ ಹೊಸ ರೈತರು ಮೊದಲು ಶೇಂಗಾ ಗಿಡದ ಕೊಂಬೆಯಲ್ಲಿ ಕಾಯಿ ಹುಡುಕುತ್ತಾರೆ. ‘ಮೇಲಲ್ಲ ಸಾಮಿ, ಬುಡದಾಗೆ ನೋಡ್ರಿ’ ಎಂದು ಆಳು ನಗುತ್ತಾನೆ. ಹೂ ಬಿಡುವುದು ಮೇಲೆಯೇ. ಆಮೇಲೆ ಅದರ ಬುಡದಿಂದ ಸೂಜಿಯಂಥದ್ದೊಂದು ಇಳಿದು, ಮಣ್ಣು ಹೊಕ್ಕು, ಅಲ್ಲಿ ಕಾಯಿಗಟ್ಟುತ್ತದೆ. ನೆಲ ಒಣಗಿ ಬಿರುಸಾದರೆ ಆ ಸೂಜಿಯೂ ಇಳಿಯದು. ಮೊಬೈಲಿನಲ್ಲಿ ಮೋಡ ಕಂಡರೆ ಸಾಕೇ, ಮಳೆ ಬೀಳಬೇಡವೇ?

ಇವರಂತೆಯೇ ಹಿಂದೆ ಸೈನ್ಯ ಬಿಟ್ಟ ಕ್ಯಾಪ್ಟನ್ ಗೋಪಿನಾಥ್ ಕೂಡ ಹಾಸನ ಜಿಲ್ಲೆಯ ಜಾವಗಲ್ ಕಡೆ ಡೇರೆ ಹಾಕಿಕೊಂಡು ಬೇಸಾಯಕ್ಕೆ ಕೂತವರು. ತೆಂಗು, ರೇಷ್ಮೆ ಎಂದು ಒದ್ದಾಡಿದರು. ರೇಷ್ಮೆ ಹುಳು ಸಾಕಿದ್ದಕ್ಕೆ 1996ರಲ್ಲಿ ಪ್ರಶಸ್ತಿ ಕೊಟ್ಟದ್ದು ಯಾರು? ಕೈಗಡಿಯಾರದ ರೋಲೆಕ್ಸ್ ಕಂಪನಿ!

2003ರಲ್ಲಿ ಅವರು ಏರ್ ಡೆಕ್ಕನ್ ವಿಮಾನವನ್ನೇ ಹಾರಿಸಿದರು. ನಮ್ಮ ಹೊಸ ರೈತರು ಸದ್ಯಕ್ಕೆ ಬಳ್ಳಾರಿ ಬಸ್ಸಿಗೆ ಕಾಯುತ್ತಿದ್ದಾರೆ.