ಕೋಕೋ ಅಂಕಲ್

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಬೆಳಿಗ್ಗೆ ಆರಕ್ಕೆ ಗೇಟಿನ ಹತ್ತಿರ ಒಬ್ಬರು ಸಿಗುತ್ತಾರೆ. ತಲೆಗೆ ಮಂಕಿ ಕ್ಯಾಪು, ಕಾಲಿಗೆ ಅಳಿಯ ಬಿಟ್ಟುಹೋದ ಸ್ಪೋರ್ಟ್ಸ್ ಶೂ, ಎಡಗೈಯಲ್ಲಿ ನಿನ್ನೆಯ ಪೇಪರಿನ ಒಳಪುಟ, ಬಲಗೈಯಲ್ಲಿ ಹಗ್ಗ. ಹಗ್ಗದ ಇನ್ನೊಂದು ತುದಿಯಲ್ಲಿ ಏನಿದೆ ಎಂದು ತಿಳಿಯಲು ನೀವು ಸ್ವಲ್ಪ ಬಗ್ಗಬೇಕು.

ಇವರು ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ ಚೀಫ್ ಮ್ಯಾನೇಜರಾಗಿ ನಿವೃತ್ತರಾದವರು. ಲಾಬಿಯ ಬೋರ್ಡಿನಲ್ಲಿ ಹೆಸರಿದೆ, ಹೆಸರಿನ ಮುಂದೆ ಬಿ.ಕಾಂ., ಸಿ.ಎ.ಐ.ಐ.ಬಿ. ಎಂದೂ ಇದೆ, ಯಾರೂ ಓದಿಲ್ಲ. ವಾಚ್‌ಮನ್ನಿನಿಂದ ಇಸ್ತ್ರಿಯವನವರೆಗೆ ಎಲ್ಲರಿಗೂ ಅವರು ಕೋಕೋ ಅಂಕಲ್, ಅವರ ಹೆಂಡತಿ ಕೋಕೋ ಆಂಟಿ. ಕೊರಿಯರ್ ಹುಡುಗ ಬಂದು ಅವರ ನಿಜವಾದ ಹೆಸರು ಹೇಳಿದರೆ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲವೆಂದು ವಾಚ್‌ಮನ್ ವಾಪಸು ಕಳಿಸಿದ್ದೂ ಉಂಟು.

ಅಂಕಲ್ ನಾಯಿ ಸಾಕಲು ಹೊರಟವರಲ್ಲ, ನಾಯಿಗೆ ನೇಮಕವಾದವರು. 2022ರಲ್ಲಿ ‘777 ಚಾರ್ಲಿ’ ಎಂಬ ನಾಯಿಯ ಸಿನಿಮಾ ಬಂತು. ಊರಿಗೆ ಊರೇ ಥಿಯೇಟರಿನಲ್ಲಿ ಕೂತು ಅತ್ತಿತು. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರೇ ಕಣ್ಣೊರೆಸಿಕೊಂಡು ಹೊರಬಂದರು. ಅಂಕಲ್ ಮಗಳೂ ಅತ್ತಳು, ಅತ್ತು ಮುಗಿಸಿ ಮನೆಗೆ ಬಂದು ಲ್ಯಾಬ್ರಡಾರ್ ಬೇಕೆಂದಳು. ಜೀವಮಾನವಿಡೀ ಸಾಲದ ಅರ್ಜಿ ನೋಡಿದ ಮನುಷ್ಯ ಅಷ್ಟು ಸುಲಭಕ್ಕೆ ಸ್ಯಾಂಕ್ಷನ್ ಮಾಡುತ್ತಾರೆಯೆ? ಆಗುವುದಿಲ್ಲ ಎಂದರೆ ಮನೆಯಲ್ಲಿ ಮಾತು ನಿಲ್ಲುತ್ತದೆ; ಆಗಲಿ ಎಂದರೆ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ತಮಗೇ ನಿಲ್ಲಲು ಜಾಗ ಇರುವುದಿಲ್ಲ. ಕೇಳಿದ್ದರಲ್ಲಿ ಕಾಲುಭಾಗ ಮಂಜೂರು ಮಾಡುವುದು ಅವರ ವೃತ್ತಿಧರ್ಮ. ಲ್ಯಾಬ್ ಮೂವತ್ತು ಕೆಜಿ, ಶಿಟ್ಜು ಎಂಬ ಪುಟ್ಟ ತಳಿ ಆರೇಳು ಕೆಜಿ. ಅಂದಮೇಲೆ ಊಟ, ತಿರುಗಾಟ, ಗಲೀಜು, ತಲೆನೋವು ಎಲ್ಲವೂ ಕಾಲುಭಾಗ. ಕಾಗದದ ಮೇಲೆ ಲೆಕ್ಕ ತಾಳೆಯಾಯಿತು, ಕೋಕೋ ಎಂಬ ಮರಿ ಬಂತು. ವರ್ಷ ತುಂಬುವುದರೊಳಗೆ ಮಗಳಿಗೆ ಡಬ್ಲಿನ್ನಿನಲ್ಲಿ ಕೆಲಸವಾಯಿತು. “ಎರಡೇ ತಿಂಗಳು ನೋಡ್ಕೊಳಪ್ಪ, ಸೆಟ್ಲ್ ಆದ್ಮೇಲೆ ಕರೆಸ್ಕೋತೀನಿ” ಎಂದು ಹೋದಳು. ಅಲ್ಲಿ ಅವಳು ಸೆಟ್ಲ್ ಆದಳು, ಇಲ್ಲಿ ಕೋಕೋ ಸೆಟ್ಲ್ ಆಯಿತು.

ಲೆಕ್ಕ ಮೊದಲು ತಪ್ಪಿದ್ದು ಕೂದಲಿನಲ್ಲಿ. ಲ್ಯಾಬಿನ ಕೂದಲು ಒಂದಷ್ಟು ಬೆಳೆದು ನಿಲ್ಲುತ್ತದೆ, ಉದುರುತ್ತದೆ, ಪೊರಕೆ ಹಿಡಿದರೆ ಮುಗಿಯಿತು. ಶಿಟ್ಜುವಿನದು ಅಷ್ಟಾಗಿ ಉದುರುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ನಾಲ್ಕು ದಿನ ಬಾಚದೆ ಬಿಟ್ಟರೆ ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಂಟು ಬೀಳುತ್ತದೆ. ಗಂಟು ಬಿಗಿದರೆ ಚರ್ಮ ಎಳೆದು ನೋವು, ಒಳಗೆ ತೇವ ನಿಂತರೆ ಹುಣ್ಣು. ಹಾಗಾಗಿ ದಿನಾ ಸಂಜೆ ನಾಲ್ಕೂವರೆಗೆ ಬಾಲ್ಕನಿಯಲ್ಲಿ ಕೇಶಸಂಸ್ಕಾರ ನಡೆಯುತ್ತದೆ. ಸ್ಟೂಲಿನ ಮೇಲೆ ಹಳೇ ಕೇರಂ ಬೋರ್ಡು, ಬೋರ್ಡಿನ ಮೇಲೆ ಟವೆಲು, ಟವೆಲಿನ ಮೇಲೆ ಕೋಕೋ. ಅಂಕಲ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಗಂಟಿನ ಬುಡವನ್ನು ಎರಡು ಬೆರಳಲ್ಲಿ ಅಮುಕಿ ಹಿಡಿದು, ತುದಿಯಿಂದ ಒಂದೊಂದೇ ಎಳೆ ಬಿಡಿಸುತ್ತಾರೆ. ಕೋಕೋ ಮೊದಲು ಆಕಳಿಸುತ್ತದೆ, ಆಮೇಲೆ ಗೊಣಗುತ್ತದೆ, ಸಹನೆ ಮೀರಿದಾಗ ಸ್ಟೀಲ್ ಬಾಚಣಿಗೆಯನ್ನೇ ಕಚ್ಚಿ ಹಿಡಿದು ಕೂರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಕಣ್ಣಿನ ಕೆಳಗಿನ ಕಂದು ಕಲೆ ಒರೆಸಿದ ಮೇಲೆ, ಕಣ್ಣಿಗೆ ಬೀಳುವ ಕೂದಲನ್ನೆಲ್ಲ ಬಾಚಿ ನೆತ್ತಿಗೊಂದು ಜುಟ್ಟು, ಜುಟ್ಟಿಗೆ ಗುಲಾಬಿ ಬಣ್ಣದ ರಬ್ಬರ್ ಬ್ಯಾಂಡು. ಕೋಕೋ ಗಂಡು, ಅದನ್ನು ಯಾರೂ ಮುಖ್ಯವೆಂದು ಪರಿಗಣಿಸಿಲ್ಲ.

“ಮಗಳು ಸ್ಕೂಲಿಗೆ ಹೋಗ್ವಾಗ ಒಂದು ದಿನ ತಲೆ ಬಾಚಿದೋರಲ್ಲ” ಎಂದು ಅಡುಗೆಮನೆಯಿಂದ ಆಂಟಿಯ ಮಾತು ತೂರಿಬರುತ್ತದೆ. ಅಂಕಲ್ ಉತ್ತರ ಕೊಡುವುದಿಲ್ಲ. ಬಾಯಲ್ಲಿ ಕ್ಲಿಪ್ಪಿರುತ್ತದೆ.

ಇಷ್ಟಾದರೂ ತಿಂಗಳಿಗೊಮ್ಮೆ ಪಾರ್ಲರು ತಪ್ಪುವುದಿಲ್ಲ. ಅಲ್ಲಿಯ ಹುಡುಗಿ “ಟೆಡ್ಡಿ ಕಟ್ಟಾ, ಸಮ್ಮರ್ ಕಟ್ಟಾ ಅಂಕಲ್?” ಎಂದು ಕೇಳುತ್ತಾಳೆ. ತಮ್ಮ ಕ್ಷೌರಕ್ಕೆ ನೂರೈವತ್ತು ಕೇಳಿದ್ದಕ್ಕೆ ಸಲೂನನ್ನೇ ಬದಲಾಯಿಸಿದ ಮನುಷ್ಯ ಇಲ್ಲಿ ಸಾವಿರದಿನ್ನೂರನ್ನು ಚಕಾರವೆತ್ತದೆ ಕೊಟ್ಟು ಬರುತ್ತಾರೆ.

ಇದಕ್ಕೆಲ್ಲ ಅವರು ಕೊಡುವ ಕಾರಣ ಚಾರಿತ್ರಿಕವಾದದ್ದು. ಕೋಕೋ ವಂಶದವರು ಚೀನಾದ ಅರಮನೆಯಲ್ಲಿದ್ದವರು. ರಾಜಮಾತೆ ಸಿಶಿಯ ಕಾಲದಲ್ಲಿ ಇಂಥ ನಾಯಿಗಳ ಚಾಕರಿಗೆಂದೇ ಸೇವಕರಿದ್ದರು. 1908ರಲ್ಲಿ ಆಕೆ ತೀರಿಕೊಂಡಳು, ಆಮೇಲೆ ಅರಸೊತ್ತಿಗೆ ಹೋಯಿತು, ಕಮ್ಯುನಿಸ್ಟರು ಬಂದ ಹೊತ್ತಿಗೆ ಅಲ್ಲಿ ತಳಿಯೇ ಇಲ್ಲವಾಗುವ ಸ್ಥಿತಿ. ಅದಕ್ಕೆ ಮುಂಚೆ ಯುರೋಪಿಗೆ ದಾಟಿದ್ದ ಬೆರಳೆಣಿಕೆಯ ನಾಯಿಗಳಿಂದ ಇವತ್ತಿನ ಸಂತಾನ. ತಮ್ಮ ಗೋತ್ರ ಪ್ರವರ ಹೇಳುವಾಗ ಎರಡು ಕಡೆ ತಡವರಿಸುವ ಅಂಕಲ್ ಇದನ್ನು ಎಲ್ಲೂ ನಿಲ್ಲದೆ ಹೇಳುತ್ತಾರೆ. ಕೇಳಿದವರಿಗೆ ಒಂದು ಸಂಗತಿ ಮಾತ್ರ ಹೊಳೆಯುತ್ತದೆ: ಅರಮನೆ ಹೋಯಿತು, ರಾಣಿ ಹೋದಳು, ನಾಯಿ ಉಳಿಯಿತು, ಚಾಕರಿಯ ಹುದ್ದೆ ಖಾಲಿಯಿತ್ತು.

ದೇಹ ಸಣ್ಣದಾದರೆ ಕೆಲಸ ಸಣ್ಣದಾಗುವುದಿಲ್ಲ, ಬರೀ ಹತ್ತಿರ ಹತ್ತಿರ ಬರುತ್ತದೆ. ಮೂತ್ರಕೋಶ ಸಣ್ಣದು, ಹಾಗಾಗಿ ಲ್ಯಾಬಿನವರು ಎರಡು ಸಲ ಇಳಿಯುವಲ್ಲಿ ಇವರು ಐದು ಸಲ ಇಳಿಯಬೇಕು. ಕತ್ತಿನ ಶ್ವಾಸನಾಳ ನಾಜೂಕು, ಕಾಲರ್ ಹಾಕಿ ಎಳೆದರೆ ಕೆಮ್ಮು ಹತ್ತುತ್ತದೆ. ಎದೆಗೆ ಹಾರ್ನೆಸ್ಸೇ ಬೇಕು. ಇನ್ನು ಹಲ್ಲು. ದೊಡ್ಡ ನಾಯಿಗೂ ನಲವತ್ತೆರಡು ಹಲ್ಲು, ಮುಷ್ಟಿಗಾತ್ರದ ಚಿವಾವಾಗೂ ನಲವತ್ತೆರಡೇ. ಅಷ್ಟು ಹಲ್ಲು ಇಷ್ಟೇ ಬಾಯಲ್ಲಿ ಇಕ್ಕಟ್ಟಾಗಿ ಕೂತರೆ ಸಂದಿಯಲ್ಲಿ ಪಾಚಿ ಕಟ್ಟದೆ ಇನ್ನೇನಾದೀತು? ಡಾಕ್ಟರು ದಿನಾ ಉಜ್ಜಿ ಎಂದರು. ಹೀಗೆ ಮಡಿವಂತ ಮನೆತನಕ್ಕೆ ಕೋಳಿಯ ರುಚಿಯ ಟೂತ್‌ಪೇಸ್ಟು ಪ್ರವೇಶ ಮಾಡಿತು. ಬಚ್ಚಲ ಗೂಡಿನಲ್ಲಿ ಅದಕ್ಕೆ ಪ್ರತ್ಯೇಕ ಡಬ್ಬಿಯಿದೆ.

ಆದರೆ ಈರುಳ್ಳಿ ಬೆಳ್ಳುಳ್ಳಿ ನಾಯಿಗಳಿಗೆ ವಿಷ, ರಕ್ತವನ್ನೇ ಕೆಡಿಸುತ್ತವೆ ಎಂದು ಅದೇ ಡಾಕ್ಟರು ಹೇಳಿದ ದಿನ ಅಂಕಲ್‌ಗೆ ಕೋಕೋ ಮೇಲಿದ್ದ ಗೌರವ ಇಮ್ಮಡಿಸಿತು. ದ್ರಾಕ್ಷಿಯೂ ಆಗದು, ಅದು ಮೂತ್ರಪಿಂಡಕ್ಕೆ ಕುತ್ತು. ದೊಡ್ಡ ನಾಯಿ ಅಕಸ್ಮಾತ್ ತಿಂದು ದಕ್ಕಿಸಿಕೊಳ್ಳಬಹುದಾದಷ್ಟೇ ದ್ರಾಕ್ಷಿ ಆರು ಕೆಜಿಯದಕ್ಕೆ ಅಪಾಯವಾಗಬಹುದು. ಅಂದಿನಿಂದ ಆ ಮನೆಯ ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯಕ್ಕೆ ಒಣದ್ರಾಕ್ಷಿ ಬೀಳುವುದಿಲ್ಲ. ಪುರೋಹಿತರು ಕೇಳಿದ್ದಕ್ಕೆ ಅಂಕಲ್ “ಮನೇಲೊಬ್ಬರಿಗೆ ಆಗಲ್ಲ” ಎಂದರಂತೆ. ಪುರೋಹಿತರು ಆಂಟಿಯ ಆರೋಗ್ಯ ವಿಚಾರಿಸಿ ಹೋದರು.

ಒಮ್ಮೆ ಬಾಗಲಕೋಟೆ ಕಡೆಯ ಬೀಗರು ಬಂದಿದ್ದರು. ಅವರ ಹೊಲದಲ್ಲಿ ಎರಡು ಮುಧೋಳ ನಾಯಿಗಳಿವೆ. ಜೋಳದ ರೊಟ್ಟಿ, ಹಾಲು ಹಾಕಿದರೆ ಸೈ, ಮೊಲದ ಹಿಂದೆ ಬಿಟ್ಟರೆ ಕಣ್ಣಿಗೆ ಕಾಣದಂತೆ ಓಡುವಂಥವು. ಸೇನೆಯವರೂ ಮುಧೋಳದ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟದ್ದುಂಟು. ಬೀಗರು ಬಾಲ್ಕನಿಯಲ್ಲಿ ಚಹಾ ಹಿಡಿದುಕೊಂಡು ಜುಟ್ಟು ಕಟ್ಟುವುದನ್ನು ಕೊನೆತನಕ ನೋಡಿದರು. “ಅಲ್ರೀ ಬೀಗ್ರ, ಇದು ಏನ್ ಕಾಯ್ತೈತ್ರೀ?” ಎಂದು ಕೇಳಿದರು. “ನನ್ನನ್ನ” ಎಂದರು ಅಂಕಲ್. ನಿಜವೇ. ಅವರು ಬಚ್ಚಲಿಗೆ ಹೋದರೆ ಕೋಕೋ ಬಾಗಿಲಲ್ಲಿ ಕೂರುತ್ತದೆ, ಚಿಲಕ ಹಾಕಿದರೆ ಕೆರೆಯುತ್ತದೆ.

ಸಂಜೆ ಆರಕ್ಕೆ ಪಾರ್ಕಿನಲ್ಲಿ ಸಣ್ಣ ನಾಯಿಗಳ ಮಹಾಸಭೆ. ದೊಡ್ಡ ನಾಯಿಯವರು ನಡೆದು ಹೋಗುತ್ತಾರೆ. ಸಣ್ಣ ನಾಯಿಯವರಿಗೆ ಹೇಳಿಕೊಳ್ಳಲು ಇರುವುದರಿಂದ ಕೂರುತ್ತಾರೆ. ಬಿ ಬ್ಲಾಕಿನ ಪಗ್‌ನವರು ಅದನ್ನು ತಂದದ್ದು 2003ರ ಹಚ್ ಮೊಬೈಲ್ ಜಾಹೀರಾತಿನ ನೆನಪಿನಲ್ಲಿ. ಅದರಲ್ಲಿ ಹುಡುಗ ಹೋದಲ್ಲೆಲ್ಲ ಪಗ್ ಹಿಂದೆ ಹೋಗುತ್ತದೆ. ಇದು ಅರ್ಧ ಸುತ್ತು ಬರುತ್ತದೆ, ಹೊಂಗೆಮರದ ಬುಡದಲ್ಲಿ ಕೂರುತ್ತದೆ, ಮುಂದಿನದು ಯಜಮಾನರ ತೋಳಿನಲ್ಲಿ. ನಾಯಿಗಳು ಮೈ ತಣ್ಣಗಾಗಿಸಿಕೊಳ್ಳುವುದು ಏದುಸಿರಿನಿಂದ. ಮೂಗನ್ನೇ ಒಳಕ್ಕೆ ತಳ್ಳಿ ತಳಿ ಮಾಡಿದರೆ ಪಾಪ, ಅದು ಏದುವುದಾದರೂ ಎಲ್ಲಿಂದ? ಏಪ್ರಿಲಿನಲ್ಲಿ ಅದಕ್ಕೆ ಒದ್ದೆ ಟವೆಲು, ಏಸಿ, ಮುಖದ ಮಡಿಕೆ ಒರೆಸುವ ಪುಟ್ಟ ಬಟ್ಟೆ. ಡ್ಯಾಕ್ಸ್‌ಹುಂಡ್ ತಂದ ಆರ್ಕಿಟೆಕ್ಟ್ ದಂಪತಿ ಸೋಫಾಕ್ಕೆ ರ‍್ಯಾಂಪು ಕಟ್ಟಿಸಿದ್ದಾರೆ. ಜರ್ಮನಿಯಲ್ಲಿ ಬ್ಯಾಜರ್ ಎಂಬ ಪ್ರಾಣಿಯ ಬಿಲಕ್ಕೆ ನುಗ್ಗಲೆಂದು ಮಾಡಿದ ಉದ್ದ ಬೆನ್ನು, ಗಿಡ್ಡ ಕಾಲು ಅದರದ್ದು. ಎತ್ತರದಿಂದ ಜಿಗಿದರೆ ಬೆನ್ನುಮೂಳೆಯ ಡಿಸ್ಕು ಜಾರೀತೆಂಬ ಭಯ. ಬ್ಯಾಜರಿಗೆ ಹೆದರದ ಜಾತಿ ಲಿಫ್ಟು ಕೆಟ್ಟ ದಿನ ಕೂಸಿನ ಜೋಳಿಗೆಯಲ್ಲಿ ಎಂಟು ಮಹಡಿ ಇಳಿಯುತ್ತದೆ.

ನಿಜವಾಗಿ ಮರುಕ ಹುಟ್ಟುವುದು ಜ್ಯಾಕ್ ರಸೆಲ್ ಹುಡುಗನನ್ನು ನೋಡಿದರೆ. ಸಾಫ್ಟ್‌ವೇರಿನವನು, ಒಬ್ಬನೇ ಇರುತ್ತಾನೆ, ಫೋಟೋದಲ್ಲಿ ಮುದ್ದಾಗಿ ಕಂಡಿತೆಂದು ತಂದ. 1819ರಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಯಾಗಿದ್ದ ಜಾನ್ ರಸೆಲ್, ಮುಂದೆ ಪಾದ್ರಿಯಾದವನು, ಹಾಲಿನವನೊಬ್ಬನ ಹತ್ತಿರ ಒಂದು ಹೆಣ್ಣು ಟೆರಿಯರ್ ಕೊಂಡ. ಆ ಸಂತತಿಯ ಕಸುಬೆಂದರೆ ಕುದುರೆಗಳ ಜತೆ ದಿನವಿಡೀ ಓಡುವುದು, ನರಿಯ ಬಿಲಕ್ಕೆ ಇಳಿದು ಅದನ್ನು ಹೊರಗಟ್ಟುವುದು. ಮಾರತ್ತಹಳ್ಳಿಯ ಕಡೆ ನರಿ ಎಲ್ಲಿಂದ ತರುವುದು? ಆ ನಾಯಿ ತನಗೆ ತಾನೇ ಕೆಲಸ ಹುಡುಕಿಕೊಂಡಿತು. ಹಾಸಿಗೆಯಲ್ಲಿ ನರಿಯಿದೆಯೆಂದು ಹತ್ತಿ ತೆಗೆಯಿತು. ಕುಂಡಗಳಲ್ಲಿ ಇದೆಯೆಂದು ತುಳಸಿ ಕಿತ್ತಿತು. ಇಂಟರ್ನೆಟ್ ವೈರಿನಲ್ಲಿ ಇದೆಯೆಂದು ಅವನ ಮೀಟಿಂಗಿನ ನಡುವೆ ಕಡಿಯಿತು. ಹುಡುಗ ಈಗ ಬೆಳಿಗ್ಗೆ ಐದಕ್ಕೆ ಎದ್ದು ಅದರ ಜತೆ ಓಡುತ್ತಾನೆ, ರಾತ್ರಿ ಹತ್ತಕ್ಕೆ ಮತ್ತೆ ಓಡುತ್ತಾನೆ. ಆರು ತಿಂಗಳಲ್ಲಿ ಹೊಟ್ಟೆ ಕರಗಿ ಒಳ್ಳೆ ಕಳೆ ಬಂದಿದೆ. ಊರಲ್ಲಿ ಹೆಣ್ಣು ನೋಡಿದ್ದಾರೆ, ಹೋಗಿ ನೋಡಿಬರಲು ನಾಯಿಯನ್ನು ಬಿಟ್ಟುಹೋಗುವ ಮನೆ ಸಿಕ್ಕಿಲ್ಲ.

ಪೊಮೇರಿಯನ್ ಅಜ್ಜಿ ಈ ಸಭೆಯ ಹಿರಿಯ ಸದಸ್ಯೆ. ಮಲ್ಲೇಶ್ವರದ ವಠಾರದ ಕಾಲದಿಂದ ಪಾಮ್ ಸಾಕಿದವರು. ಇದರ ಪೂರ್ವಿಕರು ಉತ್ತರದ ಹಿಮದಲ್ಲಿ ಗಾಡಿ ಎಳೆಯುವ ದೊಡ್ಡ ನಾಯಿಗಳು. 1888ರಲ್ಲಿ ವಿಕ್ಟೋರಿಯಾ ರಾಣಿ ಇಟಲಿಯಿಂದ ಪುಟ್ಟದೊಂದನ್ನು ತಂದು ಸಾಕಿದ ಮೇಲೆ ಪುಟ್ಟದಕ್ಕೇ ಬೇಡಿಕೆ ಹೆಚ್ಚಿತು. ಮೈ ಕುಗ್ಗಿಸಿದವರು ಗಂಟಲು ಕುಗ್ಗಿಸಲು ಮರೆತರು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಬದುಕುಳಿದ ಮೂರು ನಾಯಿಗಳಲ್ಲಿ ಎರಡು ಪೊಮೇರಿಯನ್. ಮಡಿಲಲ್ಲಿ ಎತ್ತಿಕೊಳ್ಳಬಹುದಾದಷ್ಟು ಸಣ್ಣವಿದ್ದವೆಂದು ಓದಿದವರು ಹೇಳುತ್ತಾರೆ. ಅಜ್ಜಿ ಒಪ್ಪುವುದಿಲ್ಲ: “ಅದರ ಬೊಗಳೋದು ತಡೀಲಾರ್ದೆ ಮೊದಲು ದೋಣಿ ಹತ್ತಿಸಿರ್ತಾರೆ ಬಿಡಿ.”

ಅಂಕಲ್ ಅವರ ಹಳೆಯ ಗತ್ತು ಮರಳುವುದು ಅಸೋಸಿಯೇಷನ್ನಿನ ಸರ್ವಸದಸ್ಯರ ಸಭೆಯಲ್ಲಿ. ಯಾರೋ ಎದ್ದು ನಾಯಿಗಳನ್ನು ಲಿಫ್ಟಿನಲ್ಲಿ ಬಿಡಬಾರದು ಎನ್ನುತ್ತಾರೆ. ಅಂಕಲ್ ನಿಧಾನಕ್ಕೆ ಕನ್ನಡಕ ಒರೆಸಿಕೊಂಡು, ಪ್ಲಾಸ್ಟಿಕ್ ಫೋಲ್ಡರಿನಿಂದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಜೆರಾಕ್ಸ್ ಹೊರತೆಗೆಯುತ್ತಾರೆ. ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟಿಗೆ ಬೇಡವೆನ್ನುವಂತಿಲ್ಲ ಎಂಬಲ್ಲಿ ಹಳದಿ ಮಾರ್ಕರು. ರಿಸರ್ವ್ ಬ್ಯಾಂಕಿನ ಸರ್ಕ್ಯುಲರ್ ಓದುತ್ತಿದ್ದ ಅದೇ ದನಿಯಲ್ಲಿ ಓದುತ್ತಾರೆ. ಎದುರುವಾದಿ ಕೂರುತ್ತಾನೆ. ಅದೇ ಫೋಲ್ಡರಿನಲ್ಲಿ ಕೋಕೋನ ರೇಬಿಸ್ ಲಸಿಕೆ, ಜಂತುಹುಳದ ಔಷಧ, ಮಂಡಿಚಿಪ್ಪಿನ ಎಕ್ಸ್-ರೇ, ಎಲ್ಲವೂ ತಾರೀಖಿನ ಪ್ರಕಾರ ಇವೆ. ಅಂಕಲ್ ಅವರ ಬಿಪಿ ಚೀಟಿ ಎಲ್ಲಿದೆಯೆಂದು ಕೇಳಿದರೆ ಫ್ರಿಜ್ಜಿನ ಮೇಲೆ ಹುಡುಕಬೇಕು.

ಪ್ರವಾಸ ನಿಂತಿದೆ. ಕಾಶಿಗೆ ಆಂಟಿ ತಂಗಿಯ ಜತೆ ಹೋಗಿಬಂದರು. ಹುಬ್ಬಳ್ಳಿಯ ಮದುವೆಗೆ ಅಂಕಲ್ ಬೆಳಗಿನ ಮುಹೂರ್ತಕ್ಕೆ ಹೋಗಿ ಅಕ್ಷತೆ ಹಾಕಿ ಹೋಳಿಗೆ ಬಡಿಸುವ ಮುಂಚೆ ಎದ್ದು ಬಂದರು. ಡಬ್ಲಿನ್ನಿನಿಂದ ಭಾನುವಾರ ವಿಡಿಯೋ ಕಾಲ್ ಬರುತ್ತದೆ, ಮಗಳು “ಅಪ್ಪಾ, ಫೋನ್ ಸ್ವಲ್ಪ ಕೆಳಗೆ ಮಾಡು” ಎನ್ನುತ್ತಾಳೆ. ಮೊಣಕಾಲ ಎತ್ತರದಲ್ಲಿ ಫೋನು ಹಿಡಿದು, ಸೊಂಟ ಬಾಗಿಸಿ, ಅಂಕಲ್ ಇಪ್ಪತ್ತು ನಿಮಿಷ ನಿಲ್ಲುತ್ತಾರೆ. ಕೊನೆಗೆ “ನೀನು ಹೇಗಿದೀಯಾ?” ಎಂದು ಅವಳು ಕೇಳಿದರೆ ಅವರು “ಊಟ ಮಾಡಿದಾನೆ, ನಿನ್ನೆ ಸ್ವಲ್ಪ ಲೂಸ್ ಮೋಷನ್ ಇತ್ತು” ಎನ್ನುತ್ತಾರೆ.

ಹೋದ ತಿಂಗಳು ಸಿ ಬ್ಲಾಕಿನಲ್ಲಿ ಇನ್ನೊಬ್ಬರು ನಿವೃತ್ತರಾದರು. ಪಾರ್ಕಿಗೆ ಬಂದು, ಮೊಮ್ಮಗಳು ನಾಯಿ ಕೇಳುತ್ತಿದ್ದಾಳೆ, ಸಣ್ಣದೇನಾದರೂ ತರೋಣ ಅಂತ, ಎಂದು ಬೆಂಚಿನ ತುದಿಯಲ್ಲಿ ಕೂತರು. ಅಂಕಲ್ ಒಂದು ಗಂಟೆ ಮಾತಾಡಿದರು. ಬೀಗಲ್ ಬೇಡ, ವಾಸನೆ ಹಿಡಿದರೆ ಕರೆದರೂ ಕಿವಿಗೆ ಬೀಳುವುದಿಲ್ಲ, ಊಳಿಟ್ಟರೆ ಆರು ಫ್ಲ್ಯಾಟಿನವರು ಕೆಳಗಿಳಿಯುತ್ತಾರೆ. ಜ್ಯಾಕ್ ರಸೆಲ್ ಮಾತೇ ಎತ್ತಬೇಡಿ, ಆ ಹುಡುಗನ ಮುಖ ನೋಡಿ. ಪಗ್ ಬೇಡ, ಡ್ಯಾಕ್ಸ್‌ಹುಂಡ್ ಬೇಡ. ಶಿಟ್ಜುವಂತೂ ನಮ್ಮ ವಯಸ್ಸಿನವರಿಗೆ ಸಾಧ್ಯವೇ ಇಲ್ಲ. ಸೊಂಟ ನೋಡಿ ನನ್ನದು, ಒಂದು ಕಾಶಿಯಿಲ್ಲ, ಒಂದು ಮದುವೆಯಿಲ್ಲ. ಹೊಸಬರು ಹೆದರಿ, ಹಾಗಾದರೆ ಅಕ್ವೇರಿಯಂ ಇಟ್ಟರಾಯಿತು ಎಂದು ಎದ್ದು ನಿಂತರು.

ಅಂಕಲ್ ಹೊಸಬರ ತೋಳು ಹಿಡಿದು ಕೂರಿಸಿದರು. ಅತ್ತಿತ್ತ ನೋಡಿ, ದನಿ ತಗ್ಗಿಸಿ, ಫೋನು ತೆಗೆದು ಒಂದು ಫೋಟೋ ತೋರಿಸಿದರು. “ಕೋಕೋ ಅಪ್ಪಂದೇ ಮರಿ. ನೋಡಿ, ಅದೇ ಕಣ್ಣು. ಒಂದೇ ಉಳಿದಿದೆಯಂತೆ. ನಾಳೆ ಹೋಗ್ಬರೋಣ್ವಾ?”