ಎನ್‌1 ಮೇಷ್ಟ್ರು: ಹುಡುಕುವ, ಜೋಡಿಸುವ, ಬಳಸುವ ಕ್ರಮ
(ಹಿರೀಸಾವೆ ಹೋಬಳಿಯ ಬಳಕೆದಾರರಿಗಾಗಿ)

ಶುರುಮಾಡುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಬೋರಿನ ಸ್ಟಾರ್ಟರ್ ಜೊತೆ ಬಂದ ಪುಸ್ತಕವನ್ನು ಅಟ್ಟಕ್ಕೆ ಎಸೆದು, ಮೋಟಾರು ಸುಟ್ಟ ಮೇಲೆ ಹುಡುಕಿದ ಹಾಗೆ ಮಾಡಬೇಡಿ. ಇಲ್ಲಿ ಸುಡುವುದು ಮೋಟಾರಲ್ಲ, ಆರು ತಿಂಗಳು.

1. ಯಂತ್ರದ ಪರಿಚಯ

ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ, ಬಳಕೆಯಲ್ಲಿ ಜೆಎಲ್‌ಪಿಟಿ, 1984ರಲ್ಲಿ ಶುರುವಾಯಿತು. ಮೊದಲು ನಾಲ್ಕು ಹಂತವಿತ್ತು, 2010ರಿಂದ ಐದು. ಎನ್‌5 ಅಂದರೆ ಅಂಗನವಾಡಿ, ಎನ್‌1 ಅಂದರೆ ತುತ್ತತುದಿ. ಸಂಖ್ಯೆ ಇಳಿದಷ್ಟೂ ಕಷ್ಟ ಏರುತ್ತದೆ. ಇದನ್ನು ಊರಲ್ಲಿ ವಿವರಿಸಲು ಹೋಗಬೇಡಿ. ನಾನು ಎನ್‌2 ಪಾಸಾದಾಗ ಪಕ್ಕದ ಮನೆ ದೊಡ್ಡಪ್ಪ, "ಹೋದ್ಸಲ ಮೂರು ಅಂದಿದ್ದೆ, ಈಗ ಎರಡಾ? ಇಳೀತಾ ಇದ್ದೀಯಲ್ಲೋ ಮಗ" ಎಂದು ಮರುಗಿದರು.

ಎನ್‌1ಕ್ಕೆ ಒಟ್ಟು 180 ಅಂಕ, ಪಾಸಾಗಲು 100. ಭಾಷಾಜ್ಞಾನ, ಓದು, ಆಲಿಸುವಿಕೆ ಎಂದು ತಲಾ 60ರ ಮೂರು ಪಾಲು. ಪ್ರತಿ ಪಾಲಿನಲ್ಲೂ ಕನಿಷ್ಠ 19 ಬರಲೇಬೇಕು. ಎರಡರಲ್ಲಿ 60ಕ್ಕೆ 60 ತೆಗೆದು ಮೂರನೆಯದರಲ್ಲಿ 18 ತೆಗೆದವರು 138 ಅಂಕದೊಂದಿಗೆ ಫೇಲು. ಮೇಷ್ಟ್ರು ಬೇಕಾಗುವುದು ಈ 18ಕ್ಕೇ.

2. ದೊರೆಯುವ ಸ್ಥಳ

ಹಿರೀಸಾವೆಯಲ್ಲಿ ತೆಂಗಿನಕಾಯಿ ಕೀಳುವವರು ಸಿಗುತ್ತಾರೆ, ಜೆಸಿಬಿ ಸಿಗುತ್ತದೆ, ಹೆದ್ದಾರಿಯಲ್ಲಿ ಎರಡೂ ಕಡೆಗೆ ಬಸ್ಸು ಸಿಗುತ್ತದೆ. ಎನ್‌1 ಮೇಷ್ಟ್ರು ಸಿಗುವುದಿಲ್ಲ. ಚನ್ನರಾಯಪಟ್ಟಣದಲ್ಲಿ ವಿಚಾರಿಸಿದೆ. "ಸ್ಪೋಕನ್ ಇಂಗ್ಲಿಷ್ ಇದೆ, ಆಗುತ್ತಾ?" ಅಂದರು.

ಬೆಂಗಳೂರಿನ ಕಡೆ ನೋಡಿ. 1999ರ ಕೊನೆಗೆ ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಕ್ವಾಲಿಸ್ ಹೊರಬಂತು. ಜಪಾನಿ ಕಂಪನಿಗಳು ಬಂದಹಾಗೆ ದುಭಾಷಿಗಳಿಗೂ ಕೆಲಸ ಬಂತು, ಕಲಿಸುವವರಿಗೂ ಬಂತು. ಆದರೆ ಒಂದು ವ್ಯತ್ಯಾಸ ಗಮನಿಸಿ. ಎನ್‌5 ಕಲಿಸುವವರು ಎಳನೀರಿದ್ದ ಹಾಗೆ, ರಸ್ತೆಯುದ್ದಕ್ಕೂ ಸಿಗುತ್ತಾರೆ. ಎನ್‌1 ಕಲಿಸುವವರು ಉಂಡೆ ಕೊಬ್ಬರಿ. ಅಟ್ಟದ ಕತ್ತಲಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಕೂತು ಆಗಬೇಕು.

3. ಕೊಳ್ಳುವ ಮುನ್ನ ಅಲ್ಲಾಡಿಸಿ ನೋಡಿ

ಕೊಬ್ಬರಿ ಆಗಿದೆಯೋ ಇಲ್ಲವೋ ತಿಳಿಯಲು ಅವ್ವ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಗುಳುಗುಳು ಅಂದರೆ ಇನ್ನೂ ನೀರಿದೆ, ವಾಪಸ್ ಅಟ್ಟಕ್ಕೆ. ಒಳಗಿನ ಗಿಟಕು ಚಿಪ್ಪು ಬಿಟ್ಟು ಲೊಡಲೊಡ ಅಂದರೆ ತಿಪಟೂರಿಗೆ. ಮೇಷ್ಟ್ರಿಗೂ ಇದೇ ಪರೀಕ್ಷೆ, ಮೂರು ಸಲ ಅಲ್ಲಾಡಿಸಿ.

ಮೊದಲನೆಯದು: "ಕೊರೊಕೊರೊ, ಗೊರೊಗೊರೊ ಎರಡಕ್ಕೂ ಏನು ವ್ಯತ್ಯಾಸ?" ಎಂದು ಕೇಳಿ. "ಎರಡೂ ಉರುಳುವ ಸದ್ದು, ಬಾಯಿಪಾಠ ಮಾಡಿ" ಅಂದರೆ ನೀರಿದೆ. "ಗೋಲಿ ಉರುಳಿದರೆ ಕೊರೊಕೊರೊ, ಬಂಡೆ ಉರುಳಿದರೆ ಗೊರೊಗೊರೊ. ನಿಮ್ಮಲ್ಲಿ ಟಪಟಪಕ್ಕೂ ದಬದಬಕ್ಕೂ ಇರುವಷ್ಟೇ ಅಂತರ" ಅಂದರೆ ಅಡ್ವಾನ್ಸ್ ಕೊಡಿ.

ಎರಡನೆಯದು: "ಬೆಕರಜು" ಎಂಬ ಪದ ಕೊಡಿ. ಕನ್ನಡದ ಕಿವಿಗೆ ಇದು "ಬೇಕು" ಎಂದು ಕೇಳುತ್ತದೆ, ಅರ್ಥ "ಕೂಡದು". ಒಳಗೆ ಬರಕೂಡದು ಎಂಬ ಫಲಕದಲ್ಲಿ ಇರುವಂಥ ಹಳೆಯ ಜಪಾನಿ. ಎನ್‌1ರ ವ್ಯಾಕರಣದಲ್ಲಿ ಇಂಥ ಪಳೆಯುಳಿಕೆಗಳು ಬಹಳ. ಇಲ್ಲೇ ಪಕ್ಕದ ಶ್ರವಣಬೆಳಗೊಳದಲ್ಲಿ ಬಂಡೆಯ ಮೇಲಿನ ಕನ್ನಡವನ್ನು ಕೂಡಿಸಿಕೊಂಡು ಓದಿದ್ದೀರಲ್ಲ, ಅದೇ ಅನುಭವ. ಇದು ಎಲ್ಲಿಂದ ಬಂತು, ಈಗ ಎಲ್ಲಿ ಉಳಿದಿದೆ ಎಂದು ಹೇಳುವವರು ಬೇಕು.

ಮೂರನೆಯದು: ನೀವು ತಪ್ಪು ಮಾಡಿದ ಒಂದು ಪ್ರಶ್ನೆಯನ್ನು ಮುಂದಿಡಿ. ಸರಿ ಉತ್ತರ ಹೇಳಿ ಮುಂದೆ ಹೋದರೆ, ಅದಕ್ಕೆ ಪುಸ್ತಕದ ಕೊನೆಯ ಪುಟ ಇದೆ, ಅಗ್ಗ. ಉಳಿದ ಮೂರು ಯಾಕೆ ಕೂರುವುದಿಲ್ಲ ಎಂದು ಹೇಳಿದವರೇ ಮೇಷ್ಟ್ರು.

ಎಚ್ಚರಿಕೆ: ಜಪಾನಿನಲ್ಲಿ ಹುಟ್ಟಿದವರೆಲ್ಲ ಮೇಷ್ಟ್ರಲ್ಲ. ನಾನು ಹುಟ್ಟಿದಾಗಿನಿಂದ ಕನ್ನಡ ಆಡುತ್ತಿದ್ದೇನೆ. "ಮಾಡಿಟ್ಟೆ"ಗೂ "ಮಾಡಿಬಿಟ್ಟೆ"ಗೂ ವ್ಯತ್ಯಾಸ ಹೇಳು ಎಂದು ಯಾರಾದರೂ ಕೇಳಿದರೆ ತಲೆ ಕೆರೆದುಕೊಳ್ಳುತ್ತೇನೆ.

4. ಜೋಡಣೆ

ಮೇಷ್ಟ್ರು ಸಾಮಾನ್ಯವಾಗಿ ಇಂಗ್ಲಿಷ್ ಅಡಾಪ್ಟರ್ ಸಮೇತ ಬರುತ್ತಾರೆ. ಅದನ್ನು ಕಳಚಿಡಿ. ಇಂಗ್ಲಿಷ್ ಮೂಲಕ ಜಪಾನಿಗೆ ಹೋಗುವುದೆಂದರೆ ಹಿರೀಸಾವೆಯಿಂದ ಚನ್ನರಾಯಪಟ್ಟಣಕ್ಕೆ ಬೆಂಗಳೂರು ಸುತ್ತಿ ಹೋದಂತೆ.

ಇದು ನನಗೆ ಗೊತ್ತಾದದ್ದು ಒಂದು ಸಂಜೆ. ಮೇಷ್ಟ್ರು ಪರದೆಯ ಮೇಲೆ "ತೆ ಶಿಮೌ" ಎಂಬ ಪ್ರಯೋಗಕ್ಕೆ ಇಂಗ್ಲಿಷಿನಲ್ಲಿ ಕೋಷ್ಟಕ ಹಾಕಿದ್ದರು: ಕ್ರಿಯೆ ಪೂರ್ತಿಯಾಯಿತು, ಜೊತೆಗೆ ವಿಷಾದ, ಕೆಲವೊಮ್ಮೆ ನಿರಾಳ. ನಾನು ಬರೆದುಕೊಳ್ಳುತ್ತಿದ್ದೆ. ಹಿತ್ತಲ ಕಡೆಯಿಂದ ಕ್ಯಾನು ಉರುಳಿದ ಸದ್ದು. ಹಿಂದೆಯೇ ಅವ್ವ: "ಅಯ್ಯೋ, ಡೇರಿ ಹಾಲೆಲ್ಲ ಚೆಲ್ಬುಟ್ಟೆ ಕಣೋ!"

ಕೋಷ್ಟಕ ಪೂರ್ತಿ ಆ "ಬುಟ್ಟೆ"ಯಲ್ಲಿತ್ತು. ಕೊಬೊಶಿತೆ ಶಿಮತ್ತ. ಚೆಲ್ಲಿಬಿಟ್ಟೆ.

ಆಮೇಲೆ ನೆಲ ಒರೆಸುತ್ತಾ ಕಿವಿಗೊಟ್ಟೆ. "ಇರೋ ಹಾಲಿಗೆ ಹೆಪ್ಪು ಹಾಕಿಡು" ಅಂದಳು. ಜಪಾನಿಯಲ್ಲೂ ನಾಳೆಗೆಂದು ಇಂದೇ ಮಾಡುವುದಕ್ಕೆ "ಓಕು", ಅಂದರೆ ಇಡು, ಬಾಲಕ್ಕೆ ಬರುತ್ತದೆ. "ಸಾರಿಗೆ ಉಪ್ಪು ಸಾಕಾ, ತಿಂದ್ನೋಡು" ಅಂದಳು. ತಾಬೆತೆ ಮಿರು, ಮಿರು ಅಂದರೆ ನೋಡು. "ನಾಳೆ ಕರೆಂಟ್ ಇರಲ್ವಂತೆ" ಅಂದಳು. ಈ "ಅಂತೆ"ಗೆ ಇಂಗ್ಲಿಷಿನಲ್ಲಿ ಜಾಗವಿಲ್ಲದೆ ಬೆಂಗಳೂರಿನವರು ಎಲ್ಲದರ ಕೊನೆಗೂ "ಇಟ್ ಸೀಮ್ಸ್" ಅಂಟಿಸುತ್ತಾರೆ. ಜಪಾನಿಯಲ್ಲಿ "ಸೋ ದಾ" ಅಂತ ವಾಕ್ಯದ ಕೊನೆಯಲ್ಲೇ ಅದಕ್ಕೆ ಮಣೆಯಿದೆ.

ಇವೆಲ್ಲ ಕೆಳಗಿನ ಹಂತದ ಪಾಠಗಳೇ, ಉರುಹೊಡೆದು ಅಂಕವನ್ನೂ ತೆಗೆದಿದ್ದೆ. ಆದರೆ ಎನ್‌1ರ ಆಲಿಸುವ ಪಾಲಿನಲ್ಲಿ ಒಂದು ಭಾಗವಿದೆ: ಕಾಗದದಲ್ಲಿ ಏನೂ ಅಚ್ಚಾಗಿರುವುದಿಲ್ಲ. ಒಂದು ಮಾತು, ಅದಕ್ಕೆ ಮೂರು ಉತ್ತರ, ಒಂದೇ ಸಲ. ಅಲ್ಲಿ ಇಂಗ್ಲಿಷ್ ಕೋಷ್ಟಕ ಬಿಡಿಸುತ್ತಾ ಕೂತರೆ ಮುಂದಿನ ಪ್ರಶ್ನೆ ಬಂದಿರುತ್ತದೆ. ನನ್ನ 18ರ ಗುಟ್ಟು ಅದೇ.

ಆದ್ದರಿಂದ ಮೇಷ್ಟ್ರಿಗೆ ಕನ್ನಡ ಬಂದರೆ ಉತ್ತಮ. ಬಾರದಿದ್ದರೆ ಪಾಠದ ಕೊನೆಗೆ ಐದು ನಿಮಿಷ ನೀವೇ ಕನ್ನಡ ಜೋಡಿಸಿ. ಒಂದು ಮಿತಿಯಿದೆ: ಜಪಾನ್ ಸರ್ಕಾರದ ನಿತ್ಯಬಳಕೆಯ ಪಟ್ಟಿಯಲ್ಲಿ 2,136 ಕಾಂಜಿ ಅಕ್ಷರಗಳಿವೆ. ಅಲ್ಲಿ ಚೀನಾದವರಿಗೆ ರಿಯಾಯಿತಿ ಉಂಟು, ಗಂಜಿ ಕುಡಿದವರಿಗಿಲ್ಲ. ಅವನ್ನು ದಿನಾ ತಿದ್ದಬೇಕು. ಅದಕ್ಕೆ ಮೇಷ್ಟ್ರಿಗೆ ದುಡ್ಡು ಕೊಡಬೇಡಿ.

5. ದೋಷ ಮತ್ತು ಪರಿಹಾರ

ಪಾಠದ ನಡುವೆ ಮೇಷ್ಟ್ರು ಮಾಯ: ಕರೆಂಟ್ ಹೋಗಿದೆ. ಫೋನ್ ಹಿಡಿದು ತಾರಸಿ ಹತ್ತಿ. ಸಿಗ್ನಲ್ ನೀರಿನ ಟ್ಯಾಂಕಿನ ಪಕ್ಕ ಇರುತ್ತದೆ.

ಮೇಷ್ಟ್ರು ತೂಕಡಿಸುತ್ತಾರೆ: ಅವರು ಜಪಾನಿನಲ್ಲಿದ್ದಾರೆ. ಅಲ್ಲಿ ಗಡಿಯಾರ ಮೂರೂವರೆ ಗಂಟೆ ಮುಂದೆ. ನಿಮ್ಮ ಸಂಜೆ ಐದೂವರೆ ಅವರ ರಾತ್ರಿ ಒಂಬತ್ತು. ಡೇರಿಗೆ ಹಾಲು ಹಾಕುವ ಹೊತ್ತೂ ಅದೇ. ಮನೆಯಲ್ಲಿ ಮೊದಲೇ ಮಾತಾಡಿಟ್ಟುಕೊಳ್ಳಿ.

ಬಾಯಿ ತೆರೆದರೆ ಹೊಗಳುತ್ತಾರೆ: ಕಾರಣ, ಮರ್ಯಾದೆ. "ಜೋಜು ದೆಸು ನೆ" ಅಂದರೆ ಚೆನ್ನಾಗಿ ಮಾತಾಡುತ್ತೀರಿ. ಎರಡು ವಾಕ್ಯಕ್ಕೇ ಈ ಮಾತು ಬಂದರೆ ಹಿಗ್ಗಬೇಡಿ. ಹೊಗಳುವ ಮುನ್ನ ಮೂರು ತಪ್ಪು ತೋರಿಸಿ ಎಂದು ಕರಾರು ಮಾಡಿಕೊಳ್ಳಿ.

ಬಾಯಿಪಾಠ ಮಾಡಿ ಎನ್ನುವುದನ್ನು ಬಿಟ್ಟು ಬೇರೇನೂ ಹೇಳುವುದಿಲ್ಲ: ಹೀಗೆ ಒಬ್ಬರಿಗೆ ನಾನು ಎರಡು ತಿಂಗಳ ಫೀಸು ಕಟ್ಟಿದೆ. ದುರಸ್ತಿಯಾಗುವುದಿಲ್ಲ. ಬದಲಾಯಿಸಿ.

6. ವಾರಂಟಿ

ಇಲ್ಲ. ಈ ಪರೀಕ್ಷೆಯಲ್ಲಿ ಮಾತಾಡಿಸುವುದೂ ಇಲ್ಲ, ಬರೆಸುವುದೂ ಇಲ್ಲ, ಗುರುತು ಹಾಕುವುದಷ್ಟೇ. ಎನ್‌1 ಪ್ರಮಾಣಪತ್ರವನ್ನು ಗೋಡೆಗೆ ಹಾಕಿಕೊಂಡು ಜಪಾನಿಯವರ ಎದುರು ಬಾಯಿ ಕಟ್ಟಿದವರಾಗಿ ನಿಂತರೆ ತಯಾರಕರು ಹೊಣೆಯಲ್ಲ.

ಮೊನ್ನೆ ಹೊಸ ಮೇಷ್ಟ್ರು ಮೊದಲ ಪಾಠದಲ್ಲಿ ನನ್ನನ್ನೇ ಅಲ್ಲಾಡಿಸಿ ನೋಡಿದರು. ಒಳಗಿಂದ ಬಂದದ್ದು ಗುಳುಗುಳು. ಡಿಸೆಂಬರ್‌ ಪರೀಕ್ಷೆಗೆ ಬೆಂಗಳೂರು ಕೇಂದ್ರಕ್ಕೆ ಅರ್ಜಿ ಹಾಕಿಟ್ಟಿದ್ದೇನೆ. ಹಾಕಿಬಿಟ್ಟೆ ಅನ್ನಬೇಕಾಗುತ್ತದೋ ಏನೋ, ಬರೆದು ನೋಡೋಣ.